ತಾರೀಕು ಮರೆಯದ ನೋಡುಗರು

1404ನೇ ಇಸವಿ. ಕೊರಿಯಾದ ಜೋಸನ್ ವಂಶದ ದೊರೆ ತೇಜೋಂಗ್ ಬೇಟೆಗೆ ಹೋಗಿದ್ದ. ಜಿಂಕೆಯೊಂದರ ಬೆನ್ನು ಹತ್ತಿ ಬಾಣ ಹೂಡಿದ ಭರದಲ್ಲಿ ಕುದುರೆ ಮುಗ್ಗರಿಸಿತು, ದೊರೆ ನೆಲಕ್ಕುರುಳಿದ. ಗಾಯವೇನೂ ಆಗಲಿಲ್ಲ. ಎದ್ದು ನಿಂತವನು ಅತ್ತಿತ್ತ ನೋಡಿ, ಇದು ಇತಿಹಾಸ ಬರೆಯುವವನಿಗೆ ತಿಳಿಯಬಾರದು ಎಂದು ಅಪ್ಪಣೆ ಮಾಡಿದ. ಬರೆಯುವವನು ಏನು ಮಾಡಿದ? ದೊರೆ ಬಿದ್ದದ್ದನ್ನು ಬರೆದ. ಅದು ತನಗೆ ತಿಳಿಯಬಾರದೆಂದು ದೊರೆ ಹೇಳಿದ್ದನ್ನೂ ಬರೆದ.

ಜೋಸನ್ ವಂಶದ ಚರಿತ್ರೆ ಹೀಗೆ 1392ರಿಂದ 1863ರವರೆಗೆ, 25 ದೊರೆಗಳ 472 ವರ್ಷಗಳ ಕಾಲದ್ದು, ದಿನದಿನದ ಲೆಕ್ಕದಲ್ಲಿ ದಾಖಲಾಗಿದೆ. ದೊರೆ ಸತ್ತ ನಂತರವೇ ಆತನ ಕಾಲದ ಚರಿತ್ರೆಯನ್ನು ಜೋಡಿಸುತ್ತಿದ್ದರು. ಬರೆಯುವವರ ಟಿಪ್ಪಣಿಗಳನ್ನು ಆಳುವ ದೊರೆಯೂ ನೋಡಬಾರದೆಂಬುದು ನಿಯಮ. 1997ರಲ್ಲಿ ಯುನೆಸ್ಕೊ ಈ ದಾಖಲೆಯನ್ನು ಜಗತ್ತಿನ ನೆನಪಿನ ಪಟ್ಟಿಗೆ ಸೇರಿಸಿತು.

ಕೊರಿಯಾದ ಟಿವಿ ಧಾರಾವಾಹಿಗಳ ಬಗ್ಗೆ ಬರೆಯಲು ಹೊರಟವನು ಕುದುರೆಯಿಂದ ಬಿದ್ದ ದೊರೆಯ ಕಥೆ ಹೇಳುತ್ತಿರುವುದೇಕೆ ಎಂದು ಓದುಗರು ಕೇಳಬಹುದು. ಕಾರಣವಿದೆ. ನಮ್ಮ ಮನೆಗಳ ಕಾಲೇಜು ಹುಡುಗಿಯರು ಮೊಬೈಲಿನಲ್ಲಿ ನೋಡುವ ಕೊರಿಯಾದ ಕಥೆಗಳೆಂದರೆ ನಮಗೆ ಪ್ರೀತಿ, ಕಣ್ಣೀರು, ಮಳೆ, ಕೊಡೆ ಮತ್ತು ಅಂದವಾದ ಮುಖಗಳು. ಹಿರಿಯರ ಅಭಿಪ್ರಾಯವೂ ಅಲ್ಲಿಗೇ ಮುಗಿಯುತ್ತದೆ: "ಅಳು ಜಾಸ್ತಿ, ಕಥೆ ಕಡಿಮೆ." ಆದರೆ ಆ ದೇಶದಲ್ಲಿ ಟಿವಿ ಮುಂದೆ ಕುಳಿತವರ ಅಭಿಪ್ರಾಯಕ್ಕೆ ತನ್ನದೇ ಆದ ಒಂದು ಇತಿಹಾಸವಿದೆ. ಅಲ್ಲಿ ನೋಡುಗರು ಕಥೆ ಚೆನ್ನಾಗಿದೆಯೇ ಎಂದು ಕೇಳಿ ಸುಮ್ಮನಾಗಲಿಲ್ಲ. ನಿಜ ಹೇಳುತ್ತಿದ್ದೀರಾ ಎಂದೂ ಕೇಳಿದರು.

ಉರ್ದುವಿನಲ್ಲಿ 'ತಾರೀಖ್' ಎಂದರೆ ದಿನಾಂಕವೂ ಹೌದು, ಇತಿಹಾಸವೂ ಹೌದು. ಕನ್ನಡಕ್ಕೆ ಬರುವಾಗ ಆ ಪದ ಇತಿಹಾಸವನ್ನು ದಾರಿಯಲ್ಲೇ ಬಿಟ್ಟು ಬರೀ 'ತಾರೀಕು' ಆಗಿ ಉಳಿಯಿತು. ಕೊರಿಯಾದವರಿಗೆ ಮಾತ್ರ ಎರಡೂ ಇಂದಿಗೂ ಒಂದೇ. ತಮ್ಮ ದೊಡ್ಡ ಗಾಯಗಳನ್ನೆಲ್ಲ ಅವರು ತಾರೀಕುಗಳಿಂದಲೇ ಕರೆಯುತ್ತಾರೆ. 4-3 ಎಂದರೆ 1948ರ ಏಪ್ರಿಲ್ 3ರಿಂದ ಹೆಸರು ಪಡೆದ ಜೇಜು ದ್ವೀಪದ ನರಮೇಧ. 4-19 ಎಂದರೆ 1960ರ ವಿದ್ಯಾರ್ಥಿ ದಂಗೆ. 12-12 ಎಂದರೆ 1979ರ ಸೇನಾ ಕ್ಷಿಪ್ರಕ್ರಾಂತಿ. 5-18 ಎಂದರೆ 1980ರ ಗ್ವಾಂಗ್‌ಜು. ಈ ತಾರೀಕುಗಳು ಟಿವಿ ಪರದೆಯ ಮೇಲೆ ಬರಲು ಎಷ್ಟು ಕಾಲ ಹಿಡಿಯಿತು, ಬಂದಾಗ ಏನಾಯಿತು ಎಂಬುದೇ ಕೊರಿಯಾದ ಧಾರಾವಾಹಿಗಳ ನಿಜವಾದ ಕಥೆ.

ಬೀದಿ ಖಾಲಿ, ಸಂಸತ್ತೂ ಖಾಲಿ

ದಕ್ಷಿಣ ಕೊರಿಯಾದ ಸರಕಾರಿ ವಾಹಿನಿ ಕೆಬಿಎಸ್ ಟಿವಿ ಪ್ರಸಾರ ಆರಂಭಿಸಿದ್ದು 1961ರ ಕೊನೆಯ ದಿನ. ಅದೇ ವರ್ಷದ ಮೇ ತಿಂಗಳಲ್ಲಿ ಜನರಲ್ ಪಾರ್ಕ್ ಚುಂಗ್-ಹೀ ಅಧಿಕಾರ ಹಿಡಿದಿದ್ದರು. ಹಾಗಾಗಿ ಅಲ್ಲಿ ಟಿವಿಯೂ ಸೇನಾ ಆಡಳಿತವೂ ಒಟ್ಟೊಟ್ಟಿಗೆ ಬೆಳೆದವು ಎನ್ನಬಹುದು.

1972ರಲ್ಲಿ ಕೆಬಿಎಸ್ 'ಯೊರೊ' ಎಂಬ ಧಾರಾವಾಹಿ ಪ್ರಸಾರ ಮಾಡಿತು. ಬುದ್ಧಿ ಬೆಳೆಯದ ಗಂಡ, ಕಾಟ ಕೊಡುವ ಅತ್ತೆ, ಎಲ್ಲವನ್ನೂ ಸಹಿಸುವ ಸೊಸೆ. ಹೊತ್ತಾಗುತ್ತಿದ್ದಂತೆ ಜನ ಟಿವಿ ಇರುವ ಮನೆಗಳನ್ನು ಹುಡುಕಿಕೊಂಡು ಹೋಗುತ್ತಿದ್ದರು, ಬೀದಿಗಳು ಖಾಲಿಯಾಗುತ್ತಿದ್ದವು. ಏಪ್ರಿಲ್‌ನಲ್ಲಿ ಶುರುವಾದ ಕಥೆ ಡಿಸೆಂಬರ್‌ನಲ್ಲಿ ಮುಗಿಯಿತು. ಈ ನಡುವೆ ಅಕ್ಟೋಬರ್ 17ರಂದು ಪಾರ್ಕ್ ಸೇನಾ ಕಾನೂನು ಹೇರಿ ಸಂಸತ್ತನ್ನು ವಿಸರ್ಜಿಸಿದರು. ತಮ್ಮ ಅಧಿಕಾರಕ್ಕೆ ಅವಧಿಯ ಮಿತಿಯೇ ಇಲ್ಲದಂಥ ಹೊಸ ಸಂವಿಧಾನ ತಂದರು. ಸೊಸೆಯ ಕಣ್ಣೀರು ನಿಲ್ಲಲಿಲ್ಲ, ಧಾರಾವಾಹಿಯೂ ನಿಲ್ಲಲಿಲ್ಲ. ಹೊರಗೆ ಏನು ನಡೆಯಿತೆಂಬುದು ಆ ಪರದೆಯ ಮೇಲೆ ಬರುವಂತಿರಲಿಲ್ಲ.

ಆ ಸೊಸೆಗಾಗಿ ಅತ್ತವರನ್ನು ಹಂಗಿಸುವುದು ಸುಲಭ. ನಾನು ಹಂಗಿಸಲಾರೆ. ಜಪಾನಿನ ಆಳ್ವಿಕೆ ಮತ್ತು ಕೊರಿಯಾ ಯುದ್ಧ ಕಂಡ ತಾಯಂದಿರು ಅವರು. ಅಳಲು ಅವರಿಗೆ ಬೇರೆ ಕಾರಣಗಳೂ ಇದ್ದವು. ಧಾರಾವಾಹಿ ಒಂದು ನೆಪ ಒದಗಿಸಿತು.

ಹತ್ತಿ ಉರಿದ ಟಿವಿ ಕೇಂದ್ರ

1979ರ ಅಕ್ಟೋಬರ್‌ನಲ್ಲಿ ಪಾರ್ಕ್ ಹತ್ಯೆಯಾಯಿತು. ಡಿಸೆಂಬರ್ 12ರಂದು ಜನರಲ್ ಚುನ್ ದೂ-ಹ್ವಾನ್ ಸೇನೆಯನ್ನು ತನ್ನ ಕೈವಶ ಮಾಡಿಕೊಂಡರು. ಮರುವರ್ಷ ಮೇ 17ರಂದು ಸೇನಾ ಕಾನೂನು ದೇಶದಾದ್ಯಂತ ವಿಸ್ತರಿಸಿತು. ಮರುದಿನ ದಕ್ಷಿಣದ ಗ್ವಾಂಗ್‌ಜು ನಗರದಲ್ಲಿ ವಿದ್ಯಾರ್ಥಿಗಳು ಪ್ರತಿಭಟಿಸಿದಾಗ ಪ್ಯಾರಾಟ್ರೂಪರ್ ಸೈನಿಕರು ದೊಣ್ಣೆ, ಬಯೊನೆಟ್ ಹಿಡಿದು ಅವರ ಮೇಲೆ ಬಿದ್ದರು. ಮೇ 21ರಂದು ಪ್ರಾಂತ ಕಚೇರಿಯ ಮುಂದೆ ಗುಂಡು ಹಾರಿತು. ಮೇ 27ರ ನಸುಕಿನಲ್ಲಿ ಸೇನೆ ನಗರವನ್ನು ಮರಳಿ ವಶಪಡಿಸಿಕೊಂಡಿತು. ಸರಕಾರಿ ಲೆಕ್ಕದಲ್ಲೇ 150ಕ್ಕೂ ಹೆಚ್ಚು ನಾಗರಿಕರು ಸತ್ತರು. ಕಾಣೆಯಾದವರ ಲೆಕ್ಕ ಬೇರೆ.

ಆ ಹತ್ತು ದಿನಗಳಲ್ಲಿ ನಡೆದ ಒಂದು ಘಟನೆ ನಮ್ಮ ವಿಷಯಕ್ಕೆ ನೇರವಾಗಿ ಸಂಬಂಧಿಸಿದ್ದು. ಬೀದಿಯಲ್ಲಿ ಹೆಣ ಬೀಳುತ್ತಿದ್ದರೂ ಟಿವಿಯಲ್ಲಿ ಅದರ ಸುದ್ದಿಯಿರಲಿಲ್ಲ. ಮೇ 20ರ ರಾತ್ರಿ ಗ್ವಾಂಗ್‌ಜುವಿನ ಎಂಬಿಸಿ ಕೇಂದ್ರ ಹೊತ್ತಿ ಉರಿಯಿತು. ನಂತರ ಕೆಬಿಎಸ್ ಕೇಂದ್ರಕ್ಕೂ ಬೆಂಕಿ ಬಿತ್ತು. ಬೆಂಕಿ ಹಚ್ಚುವುದನ್ನು ಯಾರೂ ಹೊಗಳಬೇಕಾಗಿಲ್ಲ. ಆದರೆ ಎದುರಿಗೇ ಮಗ ಸತ್ತು ಬಿದ್ದಿರುವಾಗ ಟಿವಿ ಹಾಡು-ಕುಣಿತ ತೋರಿಸುತ್ತಿದ್ದರೆ ಮನುಷ್ಯನಿಗೆ ಏನನ್ನಿಸಬಹುದು? ಗುಂಡಿನ ಗಾಯಕ್ಕಿಂತ ಆಳವಾಗಿ ಚುಚ್ಚಿದ್ದು, ಇದು ನಡೆದೇ ಇಲ್ಲವೆಂಬ ಆ ನಟನೆ.

ಚುನ್ ಅಧಿಕಾರಕ್ಕೇರಿದ ಮೇಲೆ 1980ರ ನವೆಂಬರ್‌ನಲ್ಲಿ ಖಾಸಗಿ ವಾಹಿನಿ ಟಿಬಿಸಿಯನ್ನು ಬಲವಂತದಿಂದ ಕೆಬಿಎಸ್‌ಗೆ ಸೇರಿಸಲಾಯಿತು. ಅದು ಮುಚ್ಚಿದ ಮರುದಿನವೇ, ಡಿಸೆಂಬರ್ 1ರಂದು, ದೇಶದಲ್ಲಿ ಬಣ್ಣದ ಟಿವಿ ಪ್ರಸಾರ ಶುರುವಾಯಿತು. ಬಣ್ಣ ಬಂತು, ಬಾಯಿ ಮುಚ್ಚಿತು. ರಾತ್ರಿ ಒಂಬತ್ತರ ಗಂಟೆ 'ಡಣ್' ಎಂದೊಡನೆ ಅಧ್ಯಕ್ಷ ಚುನ್ ಅವರ ಹೆಸರಿನಿಂದಲೇ ವಾರ್ತೆ ಆರಂಭವಾಗುತ್ತಿದ್ದುದರಿಂದ ಜನ ಅದಕ್ಕೆ 'ಡಣ್-ಚುನ್ ವಾರ್ತೆ' ಎಂಬ ಅರ್ಥದ ಅಡ್ಡಹೆಸರಿಟ್ಟರು. ಬಾಯಿ ಕಟ್ಟಿದ ದೇಶಗಳಲ್ಲಿ ಅಡ್ಡಹೆಸರು ಇಡುವುದೂ ಒಂದು ವಿಮರ್ಶೆ.

ಆಮೇಲೆ ಆ ವಿಮರ್ಶೆ ಹಣಕಾಸಿಗೂ ಇಳಿಯಿತು. ಬಣ್ಣದ ಟಿವಿ ಇರುವ ಮನೆಗಳು ಕೆಬಿಎಸ್‌ಗೆ ತಿಂಗಳಿಗೆ 2,500 ವೋನ್ ಶುಲ್ಕ ಕೊಡಬೇಕಿತ್ತು. 1986ರಲ್ಲಿ ಚರ್ಚ್ ಸಂಘಟನೆಗಳು, ಮಹಿಳೆಯರು, ರೈತರು ಸೇರಿ ಶುಲ್ಕ ನಿರಾಕರಣೆಯ ಚಳವಳಿ ಆರಂಭಿಸಿದರು. ನಮ್ಮ ಮನೆಯಲ್ಲಿ ಕೆಬಿಎಸ್ ನೋಡುವುದಿಲ್ಲ ಎಂಬ ಅರ್ಥದ ಚೀಟಿಗಳು ಬಾಗಿಲುಗಳ ಮೇಲೆ ಅಂಟಿದವು. ಮರುವರ್ಷ, 1987ರ ಜೂನ್‌ನಲ್ಲಿ, ಲಕ್ಷಾಂತರ ಜನ ಬೀದಿಗಿಳಿದು ಅಧ್ಯಕ್ಷರನ್ನು ನೇರವಾಗಿ ಆರಿಸುವ ಹಕ್ಕನ್ನು ಗಳಿಸಿಕೊಂಡರು. ಬೀದಿಗಿಳಿಯುವ ಮೊದಲು ಅವರಲ್ಲಿ ಎಷ್ಟೋ ಮಂದಿ ಬಾಗಿಲಿಗೆ ಚೀಟಿ ಅಂಟಿಸಿದ್ದರು ಎಂಬುದನ್ನು ಮರೆಯಬಾರದು.

ಮನೆಗೆ ಕರೆದ ಗಡಿಯಾರ

ಪ್ರಜಾಪ್ರಭುತ್ವ ಬಂದ ಮೇಲೆ ಧಾರಾವಾಹಿಗಳು ಮೆಲ್ಲನೆ ಬಾಯಿ ತೆರೆದವು. 1991ರ ಆಗಸ್ಟ್ 14ರಂದು ಕಿಮ್ ಹಾಕ್-ಸುನ್ ಎಂಬ ವೃದ್ಧೆ, ಜಪಾನಿ ಸೇನೆ ತನ್ನನ್ನು ಲೈಂಗಿಕ ಗುಲಾಮಳನ್ನಾಗಿ ಮಾಡಿತ್ತೆಂದು ಬಹಿರಂಗವಾಗಿ ಹೇಳಿದರು. ಅದಾಗಿ ಎರಡು ತಿಂಗಳೊಳಗೆ ಎಂಬಿಸಿಯಲ್ಲಿ 'ನಸುಕಿನ ಕಣ್ಣುಗಳು' ಎಂಬರ್ಥದ ಹೆಸರಿನ 36 ಕಂತುಗಳ ಧಾರಾವಾಹಿ ಶುರುವಾಯಿತು. ಕಿಮ್ ಜೋಂಗ್-ಹಾಕ್ ನಿರ್ದೇಶಕ, ಸೋಂಗ್ ಜಿ-ನಾ ಲೇಖಕಿ. ಕಥೆಯ ನಾಯಕಿಗೂ ಜಪಾನಿ ಸೇನೆಯಿಂದ ಅದೇ ಗತಿ. ಜೇಜು ದ್ವೀಪದ 4-3 ಕೂಡ ಅದರಲ್ಲಿ ಬಂತು. 25,000ದಿಂದ 30,000 ಜನ ಸತ್ತಿರಬಹುದೆಂದು ಅಂದಾಜಿರುವ ಆ ಘಟನೆಯ ಬಗ್ಗೆ ದಶಕಗಳ ಕಾಲ ಗಟ್ಟಿಯಾಗಿ ಮಾತಾಡಿದವರಿಗೆ ಕಮ್ಯುನಿಸ್ಟರೆಂಬ ಹಣೆಪಟ್ಟಿ ಕಾದಿರುತ್ತಿತ್ತು. ಅಧ್ಯಕ್ಷರೊಬ್ಬರು ಅದಕ್ಕಾಗಿ ಕ್ಷಮೆ ಕೇಳಿದ್ದು 2003ರಲ್ಲಿ.

ಇದೇ ಜೋಡಿ 1995ರ ಜನವರಿಯಲ್ಲಿ ಎಸ್‌ಬಿಎಸ್ ಎಂಬ ಹೊಸ ಖಾಸಗಿ ವಾಹಿನಿಗೆ 'ಮರಳು ಗಡಿಯಾರ' ಮಾಡಿತು. 24 ಕಂತು, ವಾರಕ್ಕೆ ನಾಲ್ಕು ರಾತ್ರಿ. ಇಬ್ಬರು ಗೆಳೆಯರು: ಒಬ್ಬ ರೌಡಿಯಾಗುತ್ತಾನೆ, ಇನ್ನೊಬ್ಬ ಸರಕಾರಿ ವಕೀಲ. ನಡುವೆ ಕ್ಯಾಸಿನೊ ಮಾಲೀಕನ ಮಗಳು, ವಿದ್ಯಾರ್ಥಿ ಹೋರಾಟಗಾರ್ತಿ. 1980ರ ಮೇ ತಿಂಗಳಲ್ಲಿ ರೌಡಿ ಗ್ವಾಂಗ್‌ಜುವಿನ ಜನರ ನಡುವೆ ಸಿಕ್ಕಿಬಿದ್ದು ಅವರೊಂದಿಗೆ ಬಂದೂಕು ಹಿಡಿಯುತ್ತಾನೆ. ಆಗ ಸೇನೆಯಲ್ಲಿದ್ದ ಗೆಳೆಯ ಸಮವಸ್ತ್ರ ತೊಟ್ಟು ಅದೇ ನಗರಕ್ಕೆ ಬರುತ್ತಾನೆ. ಕೊನೆಗೆ ಅದೇ ಗೆಳೆಯ ನ್ಯಾಯಾಲಯದಲ್ಲಿ ನಿಂತು ಈತನಿಗೆ ಮರಣದಂಡನೆ ಕೇಳಬೇಕಾಗುತ್ತದೆ. ಕಥೆಯ ಗ್ವಾಂಗ್‌ಜು ದೃಶ್ಯಗಳ ನಡುವೆ 1980ರಲ್ಲಿ ನಿಜವಾಗಿ ಚಿತ್ರೀಕರಿಸಿದ ತುಣುಕುಗಳನ್ನೂ ಸೇರಿಸಿದ್ದರು.

ಆಗ ಎಸ್‌ಬಿಎಸ್ ಸಿಗುತ್ತಿದ್ದುದು ರಾಜಧಾನಿ ಸೋಲ್ ಮತ್ತು ಅದರ ಆಸುಪಾಸಿನಲ್ಲಿ. ಅಲ್ಲಿ ನೋಡುಗರ ಪ್ರಮಾಣ ಶೇ. 60 ದಾಟಿತು. ಆಫೀಸು ಮುಗಿಸಿದ ಗಂಡಸರು ಹೋಟೆಲು, ಪಾನಗೋಷ್ಠಿ ಬಿಟ್ಟು ನೇರ ಮನೆ ಸೇರುತ್ತಿದ್ದರಿಂದ ಈ ಧಾರಾವಾಹಿಗೆ 'ಮನೆಗೆ ಮರಳುವ ಗಡಿಯಾರ' ಎಂಬ ಹೆಸರು ಬಿತ್ತು. 1972ರಲ್ಲೂ ಬೀದಿ ಖಾಲಿಯಾಗಿತ್ತು, 1995ರಲ್ಲೂ ಆಯಿತು. ಎರಡರ ನಡುವಿನ ಅಂತರವೇ ಕೊರಿಯಾ ನಡೆದು ಬಂದ ದಾರಿ.

ಆ ವರ್ಷದ ಉಳಿದ ಕಥೆಯನ್ನೂ ಹೇಳಬೇಕು. ಜುಲೈನಲ್ಲಿ ಸರಕಾರಿ ವಕೀಲರು, ಯಶಸ್ವಿಯಾದ ಕ್ಷಿಪ್ರಕ್ರಾಂತಿಯನ್ನು ಶಿಕ್ಷಿಸಲಾಗದು ಎಂಬ ಧೋರಣೆ ತಳೆದು ಚುನ್ ಮೇಲೆ ಮೊಕದ್ದಮೆ ಹೂಡಲು ನಿರಾಕರಿಸಿದರು. ದೇಶ ಕೆರಳಿತು. ಡಿಸೆಂಬರ್‌ನಲ್ಲಿ ಚುನ್ ಬಂಧನವಾಯಿತು, ಅದೇ ತಿಂಗಳು ಸಂಸತ್ತು ವಿಶೇಷ ಕಾನೂನು ಮಾಡಿತು. 1996ರಲ್ಲಿ ಚುನ್‌ಗೆ ಮರಣದಂಡನೆ ವಿಧಿಸಲಾಯಿತು. ಮುಂದೆ ಅದು ಜೀವಾವಧಿಗೆ ಇಳಿದು, 1997ರ ಕೊನೆಯಲ್ಲಿ ಕ್ಷಮಾದಾನವೂ ಸಿಕ್ಕಿತು. ಒಂದು ಧಾರಾವಾಹಿ ಇದನ್ನೆಲ್ಲ ಮಾಡಿಸಿತು ಎಂದರೆ ಅದು ಗ್ವಾಂಗ್‌ಜುವಿನ ತಾಯಂದಿರಿಗೆ ಮಾಡುವ ಅನ್ಯಾಯ. ಹದಿನೈದು ವರ್ಷ ಗೋರಿಗಳ ಮುಂದೆ ಕುಳಿತು ನ್ಯಾಯ ಕೇಳಿದವರು ಅವರು. ಆದರೆ ಅವರ ಮಾತನ್ನು ನಂಬದೇ ಇದ್ದ ಮನೆಗಳ ಒಳಕೋಣೆಗೆ ಅದನ್ನು ತಲುಪಿಸಿದ್ದು ಆ 24 ಕಂತುಗಳು.

ಹತ್ತು ಸಾಲು, 54 ಕಂತು

ಇನ್ನು ನಮ್ಮವರೂ ಬಲ್ಲ 'ದೇ ಜಾಂಗ್-ಗುಮ್' ಕಡೆಗೆ ಬರೋಣ. 2003-04ರಲ್ಲಿ ಎಂಬಿಸಿ ಪ್ರಸಾರ ಮಾಡಿದ ಈ 54 ಕಂತುಗಳ ಕಥೆ, ಅರಮನೆಯ ಅಡುಗೆಮನೆಯಿಂದ ಹೊರದಬ್ಬಲ್ಪಟ್ಟು ವೈದ್ಯೆಯಾಗಿ ಮರಳಿ ಬಂದ ಹೆಣ್ಣಿನದು. ಇರಾನಿನಲ್ಲಿ 2006-07ರಲ್ಲಿ ಅದು ಮನೆಮಾತಾಯಿತು.

ಜಾಂಗ್-ಗುಮ್ ನಿಜವಾಗಿ ಬದುಕಿದ್ದವಳು. ಜೋಸನ್ ದೊರೆ ಜುಂಗ್‌ಜೋಂಗ್ ಕಾಲದ (1506-1544) ಚರಿತ್ರೆಯಲ್ಲಿ ಆಕೆಯ ಹೆಸರು ಸುಮಾರು ಹತ್ತು ಕಡೆ ಬರುತ್ತದೆ. 1515ರಲ್ಲಿ ರಾಣಿ ಹೆರಿಗೆಯಾದ ಕೆಲವೇ ದಿನಗಳಲ್ಲಿ ತೀರಿಕೊಂಡಾಗ ಆಕೆಯನ್ನು ಶಿಕ್ಷಿಸಬೇಕೆಂದು ಅಧಿಕಾರಿಗಳು ಒತ್ತಾಯಿಸಿದರು. ಕಠಿಣ ಶಿಕ್ಷೆ ಕೊಡಲು ದೊರೆ ಹಿಂಜರಿದ. 1524ರ ಹೊತ್ತಿಗೆ ಆಕೆ ಉಳಿದ ವೈದ್ಯೆಯರಿಗಿಂತ ಬಲ್ಲವಳೆಂಬ ಮಾತು ದಾಖಲಾಯಿತು. 1544ರಲ್ಲಿ ದೊರೆಯ ಕೊನೆಯ ಕಾಯಿಲೆಯಲ್ಲಿ ಆತ ನೆಚ್ಚಿದ್ದು ಆಕೆಯನ್ನೇ. ಹುಟ್ಟಿದ್ದು ಎಲ್ಲಿ, ಸತ್ತದ್ದು ಯಾವಾಗ, ತಂದೆತಾಯಿ ಯಾರು ಎಂಬುದರ ಬಗ್ಗೆ ದಾಖಲೆ ಮೌನ. ಆಕೆ ಅಡುಗೆಮನೆಯಲ್ಲಿದ್ದಳೆಂಬುದಕ್ಕೆ ಆಧಾರವಿಲ್ಲ.

ಅಂದಿನ ವೈದ್ಯೆಯರು ಯಾರು? ಗಂಡಸು ವೈದ್ಯರು ಮುಟ್ಟಿ ಪರೀಕ್ಷಿಸಲು ಒಪ್ಪದೆ ಹೆಂಗಸರು ಪ್ರಾಣ ಬಿಡುತ್ತಿದ್ದಾರೆಂಬ ದೂರಿನ ಮೇಲೆ 1406ರಲ್ಲಿ, ಅದೇ ಕುದುರೆಯಿಂದ ಬಿದ್ದ ತೇಜೋಂಗ್ ಕಾಲದಲ್ಲಿ, ಸರಕಾರಿ ಗುಲಾಮರ ಮನೆಯ ಹುಡುಗಿಯರನ್ನು ಆರಿಸಿ ವೈದ್ಯ ಕಲಿಸಿದರು. ಪರ್ದಾ ಕಾಲದ ನಮ್ಮ ಹಿರಿಯ ಹೆಂಗಸರ ಕಥೆ ಕೇಳಿ ಬೆಳೆದವರಿಗೆ ಈ ದೂರು ಹೊಸದೆನಿಸದು. ದೊರೆಯ ನಾಡಿ ಹಿಡಿದ ಜಾಂಗ್-ಗುಮ್ ಕೂಡ ಸಮಾಜದ ಕೆಳಗಿನ ಮೆಟ್ಟಿಲಿನಿಂದಲೇ ಬಂದವರ ಸಾಲಿನವಳು.

ಹತ್ತು ಸಾಲುಗಳನ್ನು 54 ಕಂತಾಗಿ ಬೆಳೆಸಿದರೆ ಹೆಚ್ಚಿನದು ಕಲ್ಪನೆಯೇ ಆಗಿರುತ್ತದೆ. ಕೊರಿಯಾದ ನೋಡುಗರು ಅದನ್ನು ಸಂತೋಷದಿಂದ ಒಪ್ಪಿದರು. ಕಥೆಗಾರನಾಗಿ ನನಗೂ ಅದರಲ್ಲಿ ತಪ್ಪು ಕಾಣುವುದಿಲ್ಲ. ಇತಿಹಾಸ ಮೌನವಾದ ಕಡೆ ಕಥೆ ಮಾತಾಡಬಹುದು. ಇತಿಹಾಸ ಮಾತಾಡುತ್ತಿರುವ ಕಡೆ, ಅದರಲ್ಲೂ ಸಾಕ್ಷಿಗಳು ಇನ್ನೂ ಬದುಕಿರುವ ಕಡೆ, ಕಥೆ ದನಿ ತಗ್ಗಿಸಿ ನಡೆಯಬೇಕು. ಈ ಗೆರೆ ಎಲ್ಲಿದೆ ಎಂಬ ಜಗಳವೇ 2021ರಲ್ಲಿ ಭುಗಿಲೆದ್ದದ್ದು.

ಒಂದು ವರ್ಷ, ಮೂರು ಧಾರಾವಾಹಿ

ಆ ವರ್ಷದ ಮಾರ್ಚ್ 22ರಂದು ಎಸ್‌ಬಿಎಸ್‌ನಲ್ಲಿ 'ಜೋಸನ್ ಎಕ್ಸಾರ್ಸಿಸ್ಟ್' ಶುರುವಾಯಿತು. ದೆವ್ವ-ಪಿಶಾಚಿಗಳ ಕಥೆ. ಪಾತ್ರಗಳಲ್ಲಿ ಒಬ್ಬ ನಮ್ಮ ತೇಜೋಂಗ್. ಭ್ರಮೆ ಹಿಡಿದು ಪ್ರಜೆಗಳನ್ನೇ ಕಡಿಯುವ ದೊರೆಯಾಗಿ ಕಾಣಿಸಿದ. ಒಂದು ದೃಶ್ಯದಲ್ಲಿ ಮೇಜಿನ ಮೇಲೆ ಚೀನೀ ತಿಂಡಿಗಳಿದ್ದವು. ಕಿಮ್ಚಿ ಮತ್ತು ಕೊರಿಯಾದ ಉಡುಪು ಯಾರದೆಂದು ಚೀನಾದೊಂದಿಗೆ ವಾಗ್ವಾದ ಬಿಸಿಯಾಗಿದ್ದ ಕಾಲ. ರಾಜವಂಶದ ಕುಲದವರು ಆಕ್ಷೇಪಿಸಿದರು, ಜಾಹೀರಾತುದಾರರು ಹಿಂದೆ ಸರಿದರು. ಎರಡೇ ಕಂತುಗಳ ನಂತರ, ಐದನೇ ದಿನ, ಇಡೀ ಧಾರಾವಾಹಿಯೇ ರದ್ದಾಯಿತು.

ಮೇ ತಿಂಗಳಲ್ಲಿ ಕೆಬಿಎಸ್ 'ಮೇ ತಿಂಗಳ ಯೌವನ' ಎಂಬರ್ಥದ 12 ಕಂತುಗಳ ಕಥೆ ತಂದಿತು. 1980ರ ಗ್ವಾಂಗ್‌ಜು, ಒಬ್ಬ ವೈದ್ಯ ವಿದ್ಯಾರ್ಥಿ, ಒಬ್ಬಳು ನರ್ಸ್. 41 ವರ್ಷಗಳ ಹಿಂದೆ ಆ ನಗರದಲ್ಲಿ ಯಾವ ಸಂಸ್ಥೆಯ ಕೇಂದ್ರಕ್ಕೆ ಬೆಂಕಿ ಬಿದ್ದಿತ್ತೋ ಅದೇ ಕೆಬಿಎಸ್ ಈಗ ಆ ನಗರದ ದುಃಖವನ್ನು ಮನೆಮನೆಗೆ ಹೇಳಿತು. ನವೆಂಬರ್ 23ರಂದು ಚುನ್ ದೂ-ಹ್ವಾನ್ ತೊಂಬತ್ತನೇ ವಯಸ್ಸಿನಲ್ಲಿ ಸತ್ತರು. ಕೊನೆಯವರೆಗೂ ಗ್ವಾಂಗ್‌ಜುವಿನ ಕ್ಷಮೆ ಕೇಳಲಿಲ್ಲ.

ಅದಾಗಿ ಒಂದು ತಿಂಗಳೂ ಆಗಿರಲಿಲ್ಲ. ಜೆಟಿಬಿಸಿ ವಾಹಿನಿಯಲ್ಲಿ 'ಸ್ನೋಡ್ರಾಪ್' ಬಂತು. 1987ರ ಸೋಲ್ ನಗರ. ಹುಡುಗಿಯರ ಹಾಸ್ಟೆಲಿಗೆ ರಕ್ತ ಸುರಿಯುತ್ತಾ ಬಂದ ಯುವಕನನ್ನು ಹೋರಾಟಗಾರ ವಿದ್ಯಾರ್ಥಿಯೆಂದು ನಂಬಿ ನಾಯಕಿ ಬಚ್ಚಿಡುತ್ತಾಳೆ. ಆತ ಉತ್ತರ ಕೊರಿಯಾದ ಗೂಢಚಾರ. ನಮಗೆ ಇದು ಬರೀ ಪ್ರೇಮಕಥೆ. ಕೊರಿಯಾದ ನೋಡುಗರಿಗೆ ಹಾಗಲ್ಲ. ಆ ಕಾಲದಲ್ಲಿ ಸರಕಾರ ವಿದ್ಯಾರ್ಥಿಗಳನ್ನು ಗೂಢಚಾರರೆಂದು ಕರೆದೇ ಹಿಂಸಿಸುತ್ತಿತ್ತು. 1987ರ ಜನವರಿಯಲ್ಲಿ ಪಾರ್ಕ್ ಜೋಂಗ್-ಚುಲ್ ಎಂಬ ವಿದ್ಯಾರ್ಥಿ ಪೊಲೀಸರ ನೀರಿನ ಚಿತ್ರಹಿಂಸೆಯಲ್ಲಿ ಸತ್ತಿದ್ದ. ಧಾರಾವಾಹಿ ನಿಲ್ಲಿಸಬೇಕೆಂದು ಅಧ್ಯಕ್ಷರ ಕಚೇರಿಗೆ ಸಲ್ಲಿಸಿದ ಮನವಿಗೆ 2 ಲಕ್ಷಕ್ಕೂ ಹೆಚ್ಚು ಸಹಿಗಳು ಬಿದ್ದವು. ತಡೆಯಾಜ್ಞೆ ಕೊಡಲು ನ್ಯಾಯಾಲಯ ಒಪ್ಪಲಿಲ್ಲ. ಕಥೆ ಪೂರ್ತಿ ಪ್ರಸಾರವಾಯಿತು. ಆದರೆ ನೋಡಿದವರ ಪ್ರಮಾಣ ಒಮ್ಮೆಯೂ ಶೇ. 4 ದಾಟಲಿಲ್ಲ.

ಈ ಎರಡು ವಿವಾದಗಳನ್ನು ಒಂದೇ ತಕ್ಕಡಿಯಲ್ಲಿ ಇಡುವವರಿದ್ದಾರೆ. ನನ್ನ ಅಭಿಪ್ರಾಯ ಬೇರೆ. ಮೊದಲನೆಯದರಲ್ಲಿ ನೋಯುತ್ತಿದ್ದುದು ಅಭಿಮಾನ, ಎರಡನೆಯದರಲ್ಲಿ ಗಾಯ. ಆರುನೂರು ವರ್ಷದ ಹಿಂದಿನ ದೊರೆ ತಾನು ಕುದುರೆಯಿಂದ ಬಿದ್ದದ್ದನ್ನೇ ಮುಚ್ಚಿಡಲಾಗಲಿಲ್ಲ. ಆತನ ಗೌರವ ಕಾಯಲು ಒಂದು ಪಿಶಾಚಿ ಕಥೆಯನ್ನು ಎರಡನೇ ಕಂತಿಗೇ ಹೂಳಬೇಕಾಗಿತ್ತೇ? ಚಿತ್ರಹಿಂಸೆಯಲ್ಲಿ ಸತ್ತವರ ಗೆಳೆಯರು, ಒಡಹುಟ್ಟಿದವರು ಇಂದೂ ಬದುಕಿದ್ದಾರೆ. ಕೊಂದವರು ಹೇಳಿದ ಸುಳ್ಳು ಚೆಲುವಾದ ಮುಖ ಹೊತ್ತು ಮತ್ತೆ ಮನೆಯೊಳಗೆ ಬಂದರೆ ಅವರು ಸುಮ್ಮನಿರಬೇಕೆಂದು ನಾವು ಹೇಳಲಾರೆವು. 2013ರಲ್ಲಿ ಎರಡು ಕೇಬಲ್ ವಾಹಿನಿಗಳು, ಗ್ವಾಂಗ್‌ಜು ದಂಗೆಯಲ್ಲಿ ಉತ್ತರ ಕೊರಿಯಾದ ಸೈನಿಕರಿದ್ದರೆಂಬ ಸುಳ್ಳನ್ನು ಪ್ರಸಾರ ಮಾಡಿ ಆಮೇಲೆ ಕ್ಷಮೆ ಕೇಳಿದ್ದವು. ಆ ಭಯ ಆಧಾರವಿಲ್ಲದ್ದಲ್ಲ.

ಆದರೂ 'ಸ್ನೋಡ್ರಾಪ್' ವಿಷಯದಲ್ಲಿ ನಡೆದದ್ದೇ ಸರಿಯಾದ ಕ್ರಮ ಎಂದು ನನಗನ್ನಿಸುತ್ತದೆ. ಆಕ್ಷೇಪಿಸಿದವರು ಆಕ್ಷೇಪಿಸಿದರು, ನ್ಯಾಯಾಲಯ ಬಾಯಿ ಮುಚ್ಚಿಸಲಿಲ್ಲ, ಜನ ನೋಡದೆ ಬಿಟ್ಟರು. ನೋಡುಗನ ಕೈಯಲ್ಲಿ ರಿಮೋಟ್ ಇದೆ. ಅದರ ಜೊತೆಗೆ ಕತ್ತರಿಯನ್ನೂ ಕೊಟ್ಟರೆ ಅದು ಎಲ್ಲಿ ನಿಲ್ಲುತ್ತದೆಂದು ಹೇಳಲಾಗದು. ನಿಜ ಹೇಳಿ ಎಂದು ಕೇಳುವ ಜನ, ನಮಗೆ ಹಿತವಾದದ್ದನ್ನು ಮಾತ್ರ ಹೇಳಿ ಎನ್ನುವ ಜನವಾಗಲು ಬಹಳ ದೂರ ನಡೆಯಬೇಕಾಗಿಲ್ಲ.

ಡಿಸೆಂಬರ್ 3ರ ರಾತ್ರಿ

2024ರ ಡಿಸೆಂಬರ್ 3ರ ರಾತ್ರಿ ಹತ್ತೂವರೆಯ ಸುಮಾರಿಗೆ ಅಧ್ಯಕ್ಷ ಯೂನ್ ಸುಕ್-ಯೋಲ್ ಟಿವಿಯಲ್ಲಿ ಕಾಣಿಸಿಕೊಂಡು ಸೇನಾ ಕಾನೂನು ಘೋಷಿಸಿದರು. 1980ರ ನಂತರ ಇದೇ ಮೊದಲು. ಎಲ್ಲ ರಾಜಕೀಯ ಚಟುವಟಿಕೆ ನಿಷಿದ್ಧ, ಪತ್ರಿಕೆ-ವಾಹಿನಿಗಳೆಲ್ಲ ಸೇನೆಯ ಹತೋಟಿಗೆ ಎಂದು ಆದೇಶ ಹೊರಟಿತು. ಸೈನಿಕರು ಸಂಸತ್ತಿನತ್ತ ಬಂದರು. ಅವರೊಂದಿಗೆ ಸಾವಿರಾರು ಸಾಮಾನ್ಯ ಜನರೂ ಬಂದರು. ಮಧ್ಯರಾತ್ರಿ ದಾಟಿ ಒಂದು ಗಂಟೆಯ ಹೊತ್ತಿಗೆ 190 ಸದಸ್ಯರು ಸೇರಿ ಒಮ್ಮತದಿಂದ ಸೇನಾ ಕಾನೂನನ್ನು ತಿರಸ್ಕರಿಸಿದರು. ಬೆಳಗಾಗುವ ಮೊದಲು ಅದನ್ನು ಹಿಂತೆಗೆದುಕೊಳ್ಳಲಾಯಿತು. 2025ರ ಏಪ್ರಿಲ್ 4ರಂದು ಸಂವಿಧಾನ ನ್ಯಾಯಾಲಯ ಯೂನ್ ಅವರನ್ನು ಪದವಿಯಿಂದ ತೆಗೆಯಿತು.

ಅಂದು ಸಂಸತ್ತಿನ ಬಾಗಿಲಲ್ಲಿ ನಿಂತವರಲ್ಲಿ 1980ನ್ನು ಕಣ್ಣಾರೆ ಕಂಡ ಹಿರಿಯರಿದ್ದರು, ಆಗಿನ್ನೂ ಹುಟ್ಟೇ ಇರದ ಹುಡುಗಿಯರಿದ್ದರು. ಸೇನಾ ಕಾನೂನು ಎಂದರೇನೆಂದು ಈ ಮಕ್ಕಳಿಗೆ ಯಾರು ಹೇಳಿಕೊಟ್ಟರು? ಶಾಲೆಯ ಪಾಠವಿತ್ತು, ಮನೆಯ ಅಜ್ಜಿಯರಿದ್ದರು, ಪುಸ್ತಕಗಳಿದ್ದವು. 12-12ರ ರಾತ್ರಿಯ ಮೇಲೆ 2023ರಲ್ಲಿ ಬಂದ ಸಿನೆಮಾವನ್ನು 1.3 ಕೋಟಿಗೂ ಹೆಚ್ಚು ಜನ ನೋಡಿದ್ದರು. ಧಾರಾವಾಹಿಗಳ ಪಾಲೂ ಅದರಲ್ಲಿದೆ. ಅಷ್ಟು ವರ್ಷ ಟಿವಿ ಮುಂದೆ ಕುಳಿತು ಅತ್ತದ್ದೆಲ್ಲ ಕಾಲಹರಣವಾಗಿರಲಿಲ್ಲ.

ಹಾಗಾಗಿ ನಮ್ಮ ಮಕ್ಕಳು ಕೊರಿಯಾದ ಧಾರಾವಾಹಿ ನೋಡುತ್ತಿದ್ದರೆ ಗದರಬೇಕಾಗಿಲ್ಲ. ಪಕ್ಕದಲ್ಲಿ ಕುಳಿತು, ಈ ಕಥೆ ನಡೆಯುವುದು ಯಾವ ತಾರೀಕಿನಲ್ಲಿ ಎಂದು ಕೇಳಿದರೆ ಸಾಕು.